ಏಳಲೊಲ್ಲದ ಸರ್ವರ್: ಸಂರಚನೆಯ ತಪ್ಪುಗಳು ಮತ್ತು ಅವುಗಳ ಪತ್ತೆ

ಮುಂಬಯಿಯಲ್ಲಿ ಹಣದ, ಪ್ರಯಾಣದ ಮತ್ತು ಒಡೆತನದ ಲೆಕ್ಕಗಳು ಕಾಗದದಿಂದ ಕಂಪ್ಯೂಟರಿಗೆ ಸರಿದು ಒಂದು ತಲೆಮಾರು ಕಳೆದಿದೆ. ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್ 1994ರಲ್ಲಿ ಪರದೆಯ ಮೂಲಕ ವಹಿವಾಟು ಆರಂಭಿಸಿದ ಮೇಲೆ, 1995ರಲ್ಲಿ ದಲಾಲ್ ಸ್ಟ್ರೀಟಿನ ಹಳೆಯ ಷೇರುಪೇಟೆಯೂ ಕೂಗಿ ವ್ಯಾಪಾರ ಮಾಡುವ ಪದ್ಧತಿಯನ್ನು ಬಿಟ್ಟು ಬೋಲ್ಟ್ ಎಂಬ ಗಣಕ ವ್ಯವಸ್ಥೆಗೆ ಬಂದಿತು. 1996ರಲ್ಲಿ ಕೆಲಸ ಆರಂಭಿಸಿದ ಎನ್‌ಎಸ್‌ಡಿಎಲ್ ಎಂಬ ಡಿಪಾಸಿಟರಿ, ಅಂದರೆ ಷೇರುಗಳ ದಾಖಲೆಗಳನ್ನು ಕಾಪಿಡುವ ಸಂಸ್ಥೆ, ಷೇರುಪತ್ರಗಳನ್ನೇ ವಿದ್ಯುನ್ಮಾನ ದಾಖಲೆಗಳಾಗಿ ಬದಲಿಸಿತು. ರೈಲ್ವೆಯ ಮುಂಗಡ ಟಿಕೆಟ್ ವ್ಯವಸ್ಥೆಯ ಭಾರವನ್ನು ಹೊತ್ತ ಐದು ಕೇಂದ್ರಗಳಲ್ಲಿ ದೆಹಲಿ, ಕೋಲ್ಕತ್ತ, ಚೆನ್ನೈ ಮತ್ತು ಸಿಕಂದರಾಬಾದ್‌ಗಳ ಜೊತೆಗೆ ಮುಂಬಯಿಯೂ ಒಂದಾಯಿತು. ಈ ದೊಡ್ಡ ಸಂಸ್ಥೆಗಳಷ್ಟೇ ಅಲ್ಲ, ಡೊಂಬಿವಲಿಯ ಪತ್ತಿನ ಸಹಕಾರಿ ಸಂಘ, ಮುಲುಂಡಿನ ನರ್ಸಿಂಗ್ ಹೋಮ್, ಮಾಟುಂಗದ ಉಡುಪಿ ಹೋಟೆಲಿನ ಬಿಲ್ಲಿಂಗ್ ಯಂತ್ರ ಇವೆಲ್ಲವೂ ಇಂದು ಯಾವುದೋ ಒಂದು ಡೇಟಾಬೇಸ್ ಸರ್ವರಿನ ಮೇಲೆ ನಿಂತಿವೆ. ಡೇಟಾಬೇಸ್ ಸರ್ವರ್ ಎಂದರೆ ದಾಖಲೆಗಳನ್ನು ಡಿಸ್ಕಿನಲ್ಲಿ ಕ್ರಮವಾಗಿ ಇಟ್ಟುಕೊಂಡು, ಏಕಕಾಲಕ್ಕೆ ಹಲವರು ಕೇಳಿದ ಮಾಹಿತಿಯನ್ನು ಒದಗಿಸುತ್ತ, ಅವರು ಮಾಡಿದ ಬದಲಾವಣೆಗಳನ್ನು ತಪ್ಪದೆ ಬರೆದಿಡುವ ತಂತ್ರಾಂಶ. ಒರಾಕಲ್, ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ಕ್ಯೂಎಲ್, ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ಇವು ಅದರಲ್ಲಿ ಹೆಚ್ಚು ಬಳಕೆಯಲ್ಲಿರುವ ಹೆಸರುಗಳು.

ಇಂಥ ಸರ್ವರ್ ಒಂದು ಬೆಳಗ್ಗೆ ಆರಂಭವಾಗದೆ ಹೋದರೆ ಡೇಟಾ ನಾಶವಾಯಿತೆಂಬ ಭಯ ಎಲ್ಲಕ್ಕಿಂತ ಮೊದಲು ಹುಟ್ಟುತ್ತದೆ. ಆ ಭಯ ಸಹಜ; ಆದರೆ ಬಹಳ ಸಲ ಅದಕ್ಕೆ ಆಧಾರವಿರುವುದಿಲ್ಲ. ಡಿಸ್ಕ್ ಕೆಡುವುದು, ಕಡತಗಳು ಹಾಳಾಗುವುದು ನಡೆಯುತ್ತದೆಯಾದರೂ, ಆರಂಭದ ವೈಫಲ್ಯಗಳಲ್ಲಿ ಒಂದು ದೊಡ್ಡ ವರ್ಗ ಸಂರಚನಾ ಕಡತಕ್ಕೆ, ಅಂದರೆ ಸರ್ವರ್ ಎಷ್ಟು ಮೆಮೊರಿ ಬಳಸಬೇಕು, ದಾಖಲೆಗಳು ಯಾವ ಫೋಲ್ಡರಿನಲ್ಲಿವೆ, ಯಾವ ವಿಳಾಸದಲ್ಲಿ ಕರೆಗಳಿಗೆ ಕಾಯಬೇಕು, ಎಷ್ಟು ಮಂದಿಗೆ ಒಟ್ಟಿಗೆ ಪ್ರವೇಶ ಕೊಡಬೇಕು ಎಂಬ ಸೂಚನೆಗಳನ್ನು ಬರೆದಿಟ್ಟ ಸಣ್ಣ ಪಠ್ಯಕಡತಕ್ಕೆ ಸೇರಿದ್ದು. ಮೈಎಸ್‌ಕ್ಯೂಎಲ್‌ನಲ್ಲಿ ಇದು ಮೈ ಡಾಟ್ ಸಿಎನ್‌ಎಫ್, ಪೋಸ್ಟ್‌ಗ್ರೆಸ್‌ನಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಡಾಟ್ ಕಾನ್ಫ್, ಒರಾಕಲ್‌ನಲ್ಲಿ ಪ್ಯಾರಾಮೀಟರ್ ಫೈಲ್. ಸೂಚನೆ ತಪ್ಪಾಗಿದೆಯೆಂದು ಕಂಡಾಗ ಸರ್ವರ್ ಊಹೆಯ ಮೇಲೆ ಮುಂದುವರಿಯದೆ ನಿಂತುಬಿಡುವುದು ಅದರ ದೋಷವಲ್ಲ. ದಾಖಲೆಗಳ ರಕ್ಷಣೆಗಾಗಿಯೇ ಅದನ್ನು ಹಾಗೆ ರೂಪಿಸಲಾಗಿದೆ. ಹೀಗಾಗಿ ಏಳದ ಸರ್ವರಿನ ಎದುರು ಕುಳಿತವರ ಮೊದಲ ಕರ್ತವ್ಯ, ಅದು ನಿಲ್ಲುವ ಮುನ್ನ ಹೇಳಿಹೋದ ಮಾತನ್ನು ಓದುವುದು.

ಆರಂಭವೆಂಬುದು ಒಂದೇ ಏಟಿಗೆ ನಡೆಯುವ ಕ್ರಿಯೆಯಲ್ಲ. ಒರಾಕಲ್ ಇದನ್ನು ಮೂರು ಹಂತಗಳಾಗಿ ವಿಂಗಡಿಸಿ ಆ ಹಂತಗಳಿಗೆ ಹೆಸರನ್ನೂ ಕೊಟ್ಟಿರುವುದರಿಂದ ತಿಳಿವಳಿಕೆಗೆ ಅದೇ ಅನುಕೂಲ. ನೋಮೌಂಟ್ ಎಂಬ ಮೊದಲ ಹಂತದಲ್ಲಿ ಸರ್ವರ್ ಸಂರಚನಾ ಕಡತವನ್ನು ಓದಿ, ತನಗೆ ಬೇಕಾದ ಮೆಮೊರಿಯನ್ನು ಪಡೆದು, ಹಿನ್ನೆಲೆಯ ಪ್ರಕ್ರಿಯೆಗಳನ್ನು ಹುಟ್ಟಿಸುತ್ತದೆ. ಮೌಂಟ್ ಎಂಬ ಎರಡನೆಯದರಲ್ಲಿ ಡೇಟಾಬೇಸಿನ ರಚನೆಯ ವಿವರಗಳಿರುವ ಕಂಟ್ರೋಲ್ ಕಡತವನ್ನು ತೆರೆಯುತ್ತದೆ. ಓಪನ್ ಎಂಬ ಮೂರನೆಯದರಲ್ಲಿ ನಿಜವಾದ ಡೇಟಾ ಕಡತಗಳನ್ನು ತೆರೆದು, ಹಿಂದಿನ ಸಲ ಅರ್ಧಕ್ಕೆ ನಿಂತ ಕೆಲಸವಿದ್ದರೆ ಪೂರೈಸಿ ಇಲ್ಲವೆ ರದ್ದುಮಾಡಿ, ಬಳಕೆದಾರರನ್ನು ಒಳಗೆ ಬಿಡುತ್ತದೆ. ಬೇರೆ ಸರ್ವರುಗಳಲ್ಲಿ ಹೆಸರುಗಳಿಲ್ಲದಿದ್ದರೂ ಕ್ರಮ ಹೆಚ್ಚುಕಡಿಮೆ ಇದೇ. ಸಂರಚನೆಯ ತಪ್ಪುಗಳಲ್ಲಿ ಬಹುಪಾಲು ಮೊದಲ ಹಂತದಲ್ಲೇ, ಅಂದರೆ ಡೇಟಾ ಕಡತಗಳ ತಂಟೆಗೆ ಸರ್ವರ್ ಇನ್ನೂ ಹೋಗದಿರುವಾಗಲೇ ಹೊರಬೀಳುತ್ತವೆ ಎಂಬುದು ಆತಂಕದಲ್ಲಿರುವವರಿಗೆ ತಿಳಿದಿರಬೇಕಾದ ಸಂಗತಿ.

ಈ ತಪ್ಪುಗಳಿಗೆ ವಿಚಿತ್ರವಾದ ಒಂದು ಗುಣವಿದೆ: ಅವು ಮಾಡಿದ ದಿನ ಕಾಣಿಸಿಕೊಳ್ಳುವುದಿಲ್ಲ. ಸಂರಚನಾ ಕಡತವನ್ನು ಸರ್ವರ್ ಪೂರ್ತಿಯಾಗಿ ಓದುವುದು ಆರಂಭದ ಹೊತ್ತಿನಲ್ಲಿ. ಆಮೇಲೆ ಅದರ ಮೌಲ್ಯಗಳು ಮೆಮೊರಿಯಲ್ಲಿ ಉಳಿದುಕೊಂಡು, ಕಡತ ಬದಲಾದರೂ ಸರ್ವರ್ ಹಳೆಯದರಂತೆಯೇ ನಡೆಯುತ್ತಿರುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ನಿಲ್ಲಿಸದೆಯೇ ಕಡತವನ್ನು ಮತ್ತೆ ಓದಿಸುವ ರೀಲೋಡ್ ಎಂಬ ಸೌಲಭ್ಯವಿದೆಯಾದರೂ, ಹಾಗೆ ಓದಿದಾಗ ತಪ್ಪು ಕಂಡರೆ ಅದು ಲಾಗ್ ಕಡತದಲ್ಲಿ ಒಂದು ಸಾಲು ಬರೆದು, ಹಳೆಯ ಮೌಲ್ಯವನ್ನೇ ಇಟ್ಟುಕೊಂಡು ಕೆಲಸ ಮುಂದುವರಿಸುತ್ತದೆ. ಅದೇ ತಪ್ಪು ಮುಂದಿನ ಆರಂಭದಲ್ಲಿ ಮಾರಕವಾಗುತ್ತದೆ. ಜೂನ್‌ನಲ್ಲಿ ಯಾರೋ ಬದಲಿಸಿದ ಒಂದು ಸಾಲು ಅಕ್ಟೋಬರಿನಲ್ಲಿ ಕರೆಂಟು ಹೋಗಿ ಬಂದಾಗ ಸರ್ವರನ್ನು ತಡೆಯುತ್ತದೆ. ಬದಲಿಸಿದವರು ಅಷ್ಟರಲ್ಲಿ ಬೇರೆ ಕೆಲಸಕ್ಕೆ ಹೋಗಿರಬಹುದು. ಕರೆಂಟಿನಿಂದಲೇ ಯಂತ್ರ ಕೆಟ್ಟಿತೆಂಬ ತಪ್ಪು ತೀರ್ಮಾನಕ್ಕೆ ಉಳಿದವರು ಬರಬಹುದು.

ಮುಂಬಯಿಗೆ ಇದು ಕಲ್ಪನೆಯ ಮಾತಲ್ಲ. 2020ರ ಅಕ್ಟೋಬರ್ 12ರ ಬೆಳಗ್ಗೆ ಸುಮಾರು 10 ಗಂಟೆಗೆ ಪ್ರಸರಣ ಜಾಲದ ವೈಫಲ್ಯದಿಂದ ನಗರದ ಮತ್ತು ಉಪನಗರಗಳ ಬಹುಭಾಗದಲ್ಲಿ ವಿದ್ಯುತ್ ಕಡಿತವಾಗಿ ಲೋಕಲ್ ರೈಲುಗಳೂ ನಿಂತುಬಿಟ್ಟವು. ಐರೋಲಿ, ಮಹಾಪೆ, ಚಾಂದಿವಲಿಗಳಲ್ಲಿರುವಂಥ ಡೇಟಾ ಸೆಂಟರುಗಳಿಗೆ ಬ್ಯಾಟರಿಗಳೂ ಡೀಸೆಲ್ ಜನರೇಟರುಗಳೂ ಇರುತ್ತವೆ. ಉಪನಗರದ ಸಣ್ಣ ಕಚೇರಿಯ ಮೂಲೆಯಲ್ಲಿರುವ ಸರ್ವರಿಗೆ ಸಾಮಾನ್ಯವಾಗಿ ಇರುವುದು ಅರ್ಧ ಗಂಟೆ ತಡೆಯುವ ಒಂದು ಯುಪಿಎಸ್. ವರ್ಷಗಟ್ಟಲೆ ನಿಲ್ಲದೆ ಓಡಿದ ಯಂತ್ರಕ್ಕೆ ಅಂಥ ದಿನವೇ ನಿಜವಾದ ಪರೀಕ್ಷೆ. ಬಹುಕಾಲ ನಿಲ್ಲದೆ ನಡೆದ ಸರ್ವರನ್ನು ಹೆಮ್ಮೆಯಿಂದ ತೋರಿಸುವ ರೂಢಿ ತಂತ್ರಜ್ಞರಲ್ಲಿದೆ. ಅದರ ಸಂರಚನಾ ಕಡತವನ್ನು ಅಷ್ಟೇ ಕಾಲ ಯಾರೂ ಪರೀಕ್ಷಿಸಿಲ್ಲ ಎಂಬುದೂ ಆ ದೀರ್ಘ ಓಟದ ಅರ್ಥವೇ.

ತಪ್ಪು ಎಷ್ಟು ಸಣ್ಣದಾಗಿರಬಲ್ಲದು ಎಂಬುದನ್ನು ಒಂದೇ ಒಂದು ಸಾಲಿನಲ್ಲಿ ನೋಡಬಹುದು. ಡೇಟಾಬೇಸಿಗೆ 4 ಗಿಗಾಬೈಟ್ ಮೆಮೊರಿಯನ್ನು ಮೀಸಲಿಡಬೇಕಾಗಿದೆ ಎಂದುಕೊಂಡರೆ, ಪೋಸ್ಟ್‌ಗ್ರೆಸ್‌ನ ಶೇರ್ಡ್ ಬಫರ್ಸ್ ಎಂಬ ಸೂಚನೆಯ ಮುಂದೆ ನಾಲ್ಕು ಎಂಬ ಅಂಕಿಯನ್ನೂ ಅದಕ್ಕೆ ಅಂಟಿದಂತೆ ಇಂಗ್ಲಿಷಿನ ದೊಡ್ಡಕ್ಷರದ ಜಿ ಮತ್ತು ಬಿಗಳನ್ನೂ ಬರೆಯಬೇಕು. ಅದನ್ನೇ ಸಣ್ಣಕ್ಷರದಲ್ಲಿ ಬರೆದರೆ ಪೋಸ್ಟ್‌ಗ್ರೆಸ್ ಮೌಲ್ಯ ಸರಿಯಿಲ್ಲವೆಂದು ಹೇಳಿ, ತನಗೆ ಒಪ್ಪಿತವಾದ ಅಳತೆಯ ಘಟಕಗಳನ್ನು ಪಟ್ಟಿಮಾಡಿ ನಿಂತುಬಿಡುತ್ತದೆ. ಘಟಕವನ್ನೇ ಬಿಟ್ಟು ಬರೀ ಅಂಕಿ ಬರೆದರೆ ಅದನ್ನು 8 ಕಿಲೋಬೈಟಿನ ತುಂಡುಗಳ ಎಣಿಕೆಯೆಂದು ತಿಳಿಯುತ್ತದೆ. ಹಾಗಾಗಿ 4096 ಮೆಗಾಬೈಟ್ ಎಂಬ ಭಾವನೆಯಿಂದ 4096 ಎಂದಷ್ಟೇ ಬರೆದವರಿಗೆ ಸಿಗುವುದು 32 ಮೆಗಾಬೈಟ್ ಮಾತ್ರ. ಇನ್ನು ಮೈಎಸ್‌ಕ್ಯೂಎಲ್‌ನ ನಿಯಮ ಇದಕ್ಕೆ ವಿರುದ್ಧ. ಅದರ ಬಫರ್ ಪೂಲ್ ಸೂಚನೆಯಲ್ಲಿ ಅಂಕಿಯ ಮುಂದೆ ಜಿ ಅಕ್ಷರವೊಂದೇ ಇರಬೇಕು, ಅದು ಸಣ್ಣದಾದರೂ ಸರಿ, ದೊಡ್ಡದಾದರೂ ಸರಿ. ಆದರೆ ಪೋಸ್ಟ್‌ಗ್ರೆಸ್‌ನ ಅಭ್ಯಾಸದಿಂದ ಜಿಯ ಮುಂದೆ ಬಿ ಸೇರಿಸಿದರೆ ಗೊತ್ತಿಲ್ಲದ ಪ್ರತ್ಯಯ ಎಂದು ದೂರಿ ಆರಂಭವನ್ನು ಕೈಬಿಡುತ್ತದೆ. ಎರಡೂ ಸರ್ವರುಗಳನ್ನು ನೋಡಿಕೊಳ್ಳುವ ಒಬ್ಬನೇ ನೌಕರ ಒಂದರ ಸರಿಯನ್ನು ಇನ್ನೊಂದರ ಮೇಲೆ ಹೇರುವುದು ಎಷ್ಟು ಸುಲಭವೆಂದು ಇದರಿಂದ ತಿಳಿಯುತ್ತದೆ. ವಾಟ್ಸ್ಆ್ಯಪ್‌ನಲ್ಲೋ ವರ್ಡ್ ಕಡತದಲ್ಲೋ ಬಂದ ಸಾಲನ್ನು ಹಾಗೆಯೇ ನಕಲು ಮಾಡಿ ಅಂಟಿಸಿದಾಗ ನೇರ ಉದ್ಧರಣ ಚಿಹ್ನೆಗಳ ಬದಲು ಬಾಗಿದ ಚಿಹ್ನೆಗಳು ಸೇರಿಕೊಳ್ಳುವುದೂ ಇದೇ ಜಾತಿಯ ತಪ್ಪು. ಕಣ್ಣಿಗೆ ಎರಡೂ ಒಂದೇ, ಸರ್ವರಿಗೆ ಬೇರೆ ಬೇರೆ.

ಹೊಸ ಆವೃತ್ತಿಗೆ ಏರಿದಾಗ ಬರುವ ತೊಂದರೆಗಳು ಇನ್ನೊಂದು ಬಗೆಯವು. ಮೈಎಸ್‌ಕ್ಯೂಎಲ್‌ನ 8.0 ಆವೃತ್ತಿಯಲ್ಲಿ ಕ್ವೆರಿ ಕ್ಯಾಶೆ ಎಂಬ ವ್ಯವಸ್ಥೆಯನ್ನು, ಅಂದರೆ ಒಮ್ಮೆ ಕೇಳಿದ ಪ್ರಶ್ನೆಯ ಉತ್ತರವನ್ನು ನೆನಪಿಟ್ಟುಕೊಂಡು ಮತ್ತೆ ಕೊಡುವ ಏರ್ಪಾಡನ್ನು, ಸಂಪೂರ್ಣವಾಗಿ ತೆಗೆದುಹಾಕಲಾಯಿತು. ಹಳೆಯ ಸಂರಚನಾ ಕಡತದಲ್ಲಿ ಅದರ ಗಾತ್ರವನ್ನು ಹೇಳುವ ಸಾಲು ಉಳಿದಿದ್ದರೆ, ಹೊಸ ಸರ್ವರ್ ಅದನ್ನು ಅಪರಿಚಿತವೆಂದು ಕರೆದು ಆರಂಭವಾಗುವುದಿಲ್ಲ. ಪೋಸ್ಟ್‌ಗ್ರೆಸ್‌ನ 12ನೇ ಆವೃತ್ತಿ ರಿಕವರಿ ಡಾಟ್ ಕಾನ್ಫ್ ಎಂಬ ಪ್ರತ್ಯೇಕ ಕಡತವನ್ನು ರದ್ದುಮಾಡಿ ಅದರ ಸೂಚನೆಗಳನ್ನು ಮುಖ್ಯ ಕಡತಕ್ಕೆ ಸೇರಿಸಿತು. ಹಳೆಯ ಕಡತ ಡೇಟಾ ಫೋಲ್ಡರಿನಲ್ಲಿ ಉಳಿದಿದ್ದರೆ ಸಾಕು, ಸರ್ವರ್ ಏಳಲೊಪ್ಪುವುದಿಲ್ಲ.

ಕಡತದಲ್ಲಿ ಬರೆದದ್ದು ಭಾಷೆಯ ದೃಷ್ಟಿಯಿಂದ ಸರಿಯಿದ್ದೂ ವಾಸ್ತವಕ್ಕೆ ಹೊಂದದೆ ಇರುವ ಸಂದರ್ಭಗಳು ಹೆಚ್ಚು ಕಠಿಣ, ಏಕೆಂದರೆ ಅಲ್ಲಿ ಬದಲಾಗಿರುವುದು ಕಡತವಲ್ಲ, ಅದರ ಸುತ್ತಲಿನ ಪರಿಸರ. ವೆಚ್ಚ ತಗ್ಗಿಸಲೆಂದು ಸರ್ವರನ್ನು 32 ಗಿಗಾಬೈಟ್ ಮೆಮೊರಿಯ ಯಂತ್ರದಿಂದ 16ರ ಯಂತ್ರಕ್ಕೆ ಸ್ಥಳಾಂತರಿಸಿ, ಕಡತದಲ್ಲಿ 24 ಎಂದೇ ಉಳಿಸಿದರೆ ಮೆಮೊರಿ ಸಾಲುವುದಿಲ್ಲ. ಪೋಸ್ಟ್‌ಗ್ರೆಸ್ ಇಂಥಲ್ಲಿ ಕೇಳಿದಷ್ಟು ಮೆಮೊರಿ ದೊರೆಯಲಿಲ್ಲವೆಂದು ಹೇಳುವುದಲ್ಲದೆ ಯಾವ ಮೌಲ್ಯವನ್ನು ಇಳಿಸಬೇಕೆಂಬ ಸುಳಿವನ್ನೂ ಕೊಡುತ್ತದೆ. ಲಿನಕ್ಸ್ ಮೇಲೆ ನಡೆಯುವ ಒರಾಕಲ್ ಇದಕ್ಕೆ ಹತ್ತಿರದ ತೊಂದರೆಯನ್ನು ಓಆರ್‌ಎ-00845 ಎಂಬ ಸಂಖ್ಯೆಯಿಂದ ತಿಳಿಸುತ್ತದೆ. ಹಂಚಿಕೆಯ ಮೆಮೊರಿಗೆಂದು ಆಪರೇಟಿಂಗ್ ಸಿಸ್ಟಮ್ ಮೀಸಲಿಟ್ಟ ಜಾಗ, ಕಡತದಲ್ಲಿ ಬರೆದ ಗುರಿಗಿಂತ ಕಡಿಮೆಯಿದೆ ಎಂಬುದು ಅದರ ಸಾಮಾನ್ಯ ಅರ್ಥ. ಕೆಲವೊಮ್ಮೆ ಲಿನಕ್ಸ್ ಕೇಳಿದ್ದನ್ನು ಮೊದಲು ಒಪ್ಪಿಕೊಂಡು, ನಿಜವಾಗಿ ಬಳಕೆ ಏರಿದಾಗ ಸರ್ವರಿನ ಪ್ರಕ್ರಿಯೆಯನ್ನೇ ಕೊನೆಗಾಣಿಸುತ್ತದೆ. ಆಗ ಕಾರಣ ಡೇಟಾಬೇಸಿನ ಲಾಗ್‌ನಲ್ಲಿ ಸಿಗದೆ ಆಪರೇಟಿಂಗ್ ಸಿಸ್ಟಮಿನ ಲಾಗ್‌ನಲ್ಲಿ ಸಿಗುತ್ತದೆ.

ಫೋರ್ಟ್‌ನ ಹಳೆಯ ಕಟ್ಟಡದಿಂದ ಠಾಣೆಗೋ ನವಿ ಮುಂಬಯಿಗೋ ಕಚೇರಿ ಬದಲಾಯಿಸುವ ಸಂಸ್ಥೆಗಳಿಗೆ ಎದುರಾಗುವ ತೊಂದರೆ ವಿಳಾಸದ್ದು. ಸರ್ವರ್ ಯಾವ ಐಪಿ ವಿಳಾಸದಲ್ಲಿ ಕಾದಿರಬೇಕೆಂದು ಕಡತದಲ್ಲಿ ಬರೆದಿರುತ್ತದೆ. ಹೊಸ ಕಚೇರಿಯ ನೆಟ್‌ವರ್ಕಿನಲ್ಲಿ ಯಂತ್ರಕ್ಕೆ ಬೇರೆ ವಿಳಾಸ ಬಂದಿರುತ್ತದೆ. ತನ್ನದಲ್ಲದ ವಿಳಾಸದಲ್ಲಿ ನಿಲ್ಲಲು ಸರ್ವರಿಗೆ ಸಾಧ್ಯವಾಗುವುದಿಲ್ಲ. ಪೋರ್ಟ್ ಎಂಬ ಬಾಗಿಲಿನ ಸಂಖ್ಯೆ, ಅಂದರೆ ಮೈಎಸ್‌ಕ್ಯೂಎಲ್‌ಗೆ ವಾಡಿಕೆಯಂತೆ 3306, ಪೋಸ್ಟ್‌ಗ್ರೆಸ್‌ಗೆ 5432, ಈಗಾಗಲೇ ಬೇರೆ ಪ್ರಕ್ರಿಯೆಯ ವಶದಲ್ಲಿದ್ದರೂ ಹೀಗೆಯೇ ಆಗುತ್ತದೆ. ಆ ಬೇರೆ ಪ್ರಕ್ರಿಯೆ ಸರಿಯಾಗಿ ನಿಲ್ಲದ ಹಳೆಯ ಸರ್ವರೇ ಆಗಿರುವುದೂ ಉಂಟು.

ಡಿಸ್ಕ್ ತುಂಬಿತೆಂದು ಡೇಟಾ ಫೋಲ್ಡರನ್ನು ಹೊಸ ಡಿಸ್ಕಿಗೆ ಸಾಗಿಸಿದಾಗ ಬರುವುದು ಅನುಮತಿಯ ಪ್ರಶ್ನೆ. ನಕಲು ಮಾಡಿದವರು ವ್ಯವಸ್ಥಾಪಕರ ಖಾತೆಯಿಂದ ಮಾಡಿದ್ದರೆ ಕಡತಗಳ ಒಡೆತನ ಆ ಖಾತೆಯದಾಗಿ, ಡೇಟಾಬೇಸಿನ ಖಾತೆಗೆ ಅವನ್ನು ಮುಟ್ಟಲಾಗದೆ ಹೋಗಬಹುದು. ಎಸ್‌ಇ ಲಿನಕ್ಸ್ ಅಥವಾ ಆ್ಯಪ್‌ಆರ್ಮರ್ ಎಂಬ ಕಾವಲು ವ್ಯವಸ್ಥೆಗಳಿದ್ದಲ್ಲಿ ಒಡೆತನ ಸರಿಯಿದ್ದರೂ ಹೊಸ ಜಾಗ ಅವುಗಳ ಅನುಮತಿಯ ಪಟ್ಟಿಯಲ್ಲಿರುವುದಿಲ್ಲ. ಇದರಿಂದ ಬೇಸತ್ತವರು ಎಲ್ಲರಿಗೂ ಎಲ್ಲ ಅನುಮತಿ ಎಂಬ 777 ಆಜ್ಞೆಯನ್ನು ಕೊಡುವುದುಂಟು, ಅದು ತೊಂದರೆಯನ್ನು ಹೆಚ್ಚಿಸುತ್ತದೆ: ಡೇಟಾ ಫೋಲ್ಡರ್ ಎಲ್ಲರಿಗೂ ತೆರೆದಿದ್ದರೆ ಪೋಸ್ಟ್‌ಗ್ರೆಸ್ ಆರಂಭವಾಗಲು ನಿರಾಕರಿಸುತ್ತದೆ, ಎಲ್ಲರೂ ಬರೆಯಬಹುದಾದ ಸಂರಚನಾ ಕಡತವನ್ನು ಮೈಎಸ್‌ಕ್ಯೂಎಲ್ ಒಂದು ಎಚ್ಚರಿಕೆ ಕೊಟ್ಟು ಕಡೆಗಣಿಸುವುದರಿಂದ, ಅದು ತನ್ನ ಮೂಲ ಮೌಲ್ಯಗಳೊಂದಿಗೆ ಬೇರಾವುದೋ ಫೋಲ್ಡರನ್ನು ಹುಡುಕಿಕೊಂಡು ಹೋಗುತ್ತದೆ.

ಇಷ್ಟು ಬಗೆಯ ಕಾರಣಗಳಲ್ಲಿ ಯಾವುದು ನಿಜವೆಂದು ತಿಳಿಯುವ ದಾರಿ ಲಾಗ್, ಅಂದರೆ ಸರ್ವರ್ ತನ್ನ ನಡೆಯನ್ನು ತಾನೇ ಬರೆದಿಡುವ ಕಡತ. ಇದನ್ನು ಓದುವ ಕ್ರಮದಲ್ಲಿ ಎರಡು ಸೂಕ್ಷ್ಮಗಳಿವೆ. ಮೊದಲನೆಯದು, ಕೊನೆಯ ಸಾಲನ್ನು ನಂಬಬಾರದು. ಮೈಎಸ್‌ಕ್ಯೂಎಲ್‌ನ ಕೊನೆಯ ಸಾಲು ಬಹುಮಟ್ಟಿಗೆ ಆರಂಭವನ್ನು ಕೈಬಿಡಲಾಯಿತು ಎಂದಷ್ಟೇ ಹೇಳುತ್ತದೆ. ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ, ಸೋತ ಸರ್ವರನ್ನು ಮತ್ತೆ ಮತ್ತೆ ಎಬ್ಬಿಸಲು ಯತ್ನಿಸಿ, ಕಡೆಗೆ ಪ್ರಯತ್ನಗಳು ಅತಿಯಾದವೆಂದು ದೂರುತ್ತದೆ. ಇವೆರಡೂ ಪರಿಣಾಮಗಳು. ಕಾರಣ ಅವುಗಳ ಹಿಂದೆ, ಅದೇ ಪ್ರಯತ್ನದಲ್ಲಿ ಕಾಣಿಸಿಕೊಂಡ ಮೊದಲ ದೋಷದ ಸಾಲಿನಲ್ಲಿರುತ್ತದೆ. ಎರಡನೆಯದು, ಲಾಗ್ ಎಲ್ಲಿ ಬರೆಯಬೇಕೆಂಬುದೂ ಸಂರಚನಾ ಕಡತದಲ್ಲೇ ಇರುವುದರಿಂದ, ಆ ಕಡತವೇ ತಪ್ಪಿದ್ದಾಗ ದೂರು ಎಂದಿನ ಜಾಗಕ್ಕೆ ಬಂದು ಬೀಳುವುದಿಲ್ಲ. ಲಾಗ್ ಖಾಲಿಯಿದೆ ಎಂದು ಕೈಚೆಲ್ಲುವ ಬದಲು ಸಿಸ್ಟಮ್‌ಡಿಯ ಜರ್ನಲ್ಲಿನಲ್ಲಿ ನೋಡಿದರೆ, ಅಥವಾ ಸೇವೆಯ ವ್ಯವಸ್ಥೆಯನ್ನು ಬದಿಗಿಟ್ಟು ಸರ್ವರನ್ನು ಅದರದೇ ಖಾತೆಯಿಂದ ನೇರವಾಗಿ ನಡೆಸಿದರೆ, ಕಾಣೆಯಾದ ಸಾಲು ಸಿಗುತ್ತದೆ. ಕಡತದ ಯಾವ ಸಾಲಿನಲ್ಲಿ ದೋಷವಿದೆಯೆಂದು ಪೋಸ್ಟ್‌ಗ್ರೆಸ್ ಸಾಲಿನ ಸಂಖ್ಯೆಯನ್ನೂ ಹೇಳುತ್ತದೆ, ಮೈಎಸ್‌ಕ್ಯೂಎಲ್ 8.0.16ರಿಂದ ಸರ್ವರನ್ನು ಆರಂಭಿಸದೆಯೇ ಕಡತವನ್ನು ಪರೀಕ್ಷಿಸುವ ವ್ಯಾಲಿಡೇಟ್ ಕಾನ್ಫಿಗ್ ಎಂಬ ಆಯ್ಕೆಯನ್ನು ಒದಗಿಸಿದೆ.

ತಿದ್ದುವಾಗ ಯಾವ ಕಡತವನ್ನು ತಿದ್ದುತ್ತಿದ್ದೇವೆಂಬ ಅರಿವೂ ಬೇಕು. ಮೈಎಸ್‌ಕ್ಯೂಎಲ್ ಹಲವು ಜಾಗಗಳಿಂದ ಸಂರಚನೆಯನ್ನು ಓದಿ ಕಡೆಗೆ ಓದಿದ್ದನ್ನು ಮಾನ್ಯಮಾಡುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಆಲ್ಟರ್ ಸಿಸ್ಟಮ್ ಎಂಬ ಆಜ್ಞೆಯಿಂದ ಕೊಟ್ಟ ಮೌಲ್ಯಗಳು ಇನ್ನೊಂದು ಕಡತಕ್ಕೆ ಸೇರಿ, ಕೈಯಿಂದ ತಿದ್ದಿದ ಮುಖ್ಯ ಕಡತವನ್ನು ಮೀರಿಸುತ್ತವೆ. ಗಂಟೆಗಟ್ಟಲೆ ತಿದ್ದಿದರೂ ಪರಿಣಾಮವೇ ಕಾಣದಿದ್ದರೆ, ತಿದ್ದುತ್ತಿರುವ ಕಡತವನ್ನು ಸರ್ವರ್ ಓದುತ್ತಿಲ್ಲವೆಂದೇ ಸಂಶಯಿಸಬೇಕು. ತುರ್ತಿನಲ್ಲಿ ಎಸ್‌ಕ್ಯೂಎಲ್ ಸರ್ವರನ್ನು ಅತ್ಯಲ್ಪ ಸಂರಚನೆಯೊಂದಿಗೆ ಎಬ್ಬಿಸುವ ಆಯ್ಕೆಯಿದೆ. ಒರಾಕಲ್‌ನ ಕೈಯಿಂದ ತಿದ್ದಲಾಗದ ಎಸ್‌ಪಿಫೈಲನ್ನು ಓದಬಹುದಾದ ಪಿಫೈಲಾಗಿ ಹೊರತೆಗೆದು, ಸರಿಪಡಿಸಿ, ಅದರಿಂದಲೇ ಆರಂಭಿಸಬಹುದು.

ನಿಜವಾದ ಹಾನಿ ನಡೆಯುವುದು ಹೀಗೆ ಕಾರಣ ಹುಡುಕುವ ತಾಳ್ಮೆ ತಪ್ಪಿದಾಗ. ಡೇಟಾಬೇಸಿನಲ್ಲಿ ಯಾವ ಬದಲಾವಣೆಯೂ ಮುಖ್ಯ ಕಡತಕ್ಕೆ ಹೋಗುವ ಮುನ್ನ ಮುನ್ಬರಹದ ಲಾಗ್ ಎಂಬ ಬೇರೆ ಕಡತದಲ್ಲಿ ದಾಖಲಾಗುತ್ತದೆ. ಇದು ವ್ಯಾಪಾರಿಗಳ ಲೆಕ್ಕದಲ್ಲಿ ಖಾತೆಗೆ ಏರಿಸುವ ಮುನ್ನ ಕಿರ್ದಿಯಲ್ಲಿ ಬರೆದುಕೊಳ್ಳುವ ರೂಢಿಯನ್ನು ಹೋಲುತ್ತದೆ. ಐಐಟಿ ಮುಂಬಯಿಯ ಪ್ರಾಧ್ಯಾಪಕ ಎಸ್. ಸುದರ್ಶನ್ ಅವರು ಸಿಲ್ಬರ್‌ಶಾಟ್ಸ್ ಮತ್ತು ಕೋರ್ತ್ ಅವರೊಂದಿಗೆ ಬರೆದಿರುವ, ಜಗತ್ತಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಬೋಧಿಸಲಾಗುವ ಡೇಟಾಬೇಸ್ ಪಠ್ಯಪುಸ್ತಕ ಈ ವಿಧಾನವನ್ನು ವಿಸ್ತಾರವಾಗಿ ವಿವರಿಸುತ್ತದೆ. ಕರೆಂಟು ಹೋದಾಗ ಅರ್ಧದಲ್ಲಿ ನಿಂತ ಕೆಲಸವನ್ನು ಸರ್ವರ್ ಮುಂದಿನ ಆರಂಭದಲ್ಲಿ ಪೂರೈಸುವುದು ಇಲ್ಲವೆ ರದ್ದುಮಾಡುವುದು ಈ ದಾಖಲೆಯ ಬಲದಿಂದಲೇ. ಹೆಸರಿನಲ್ಲಿ ಲಾಗ್ ಎಂದಿರುವುದರಿಂದ ಬೇಡದ ಕಡತವೆಂದು ಭಾವಿಸಿ, ಇಲ್ಲವೆ ಜಾಗ ಮಾಡಿಕೊಳ್ಳಲೆಂದು, ಅದನ್ನು ಅಳಿಸಿದರೆ ಸಂರಚನೆಯ ಒಂದು ಸಾಲಿನ ತಪ್ಪು ಡೇಟಾ ನಷ್ಟವಾಗಿ ಪರಿಣಮಿಸುತ್ತದೆ. ಮೈಎಸ್‌ಕ್ಯೂಎಲ್‌ನ ಫೋರ್ಸ್ ರಿಕವರಿ ಎಂಬ ಆಯ್ಕೆಗೂ ಇದೇ ಎಚ್ಚರ ಬೇಕು. ಅದರ ಮೌಲ್ಯ 4 ಅಥವಾ ಹೆಚ್ಚಾದರೆ ಕಡತಗಳು ಶಾಶ್ವತವಾಗಿ ಕೆಡಬಹುದೆಂದು ತಯಾರಕರ ಕೈಪಿಡಿಯೇ ಹೇಳುತ್ತದೆ. ಯಾವುದನ್ನಾದರೂ ಮುಟ್ಟುವ ಮುನ್ನ ಇಡೀ ಡೇಟಾ ಫೋಲ್ಡರಿನ ಒಂದು ಪ್ರತಿ ಮಾಡಿಟ್ಟುಕೊಳ್ಳುವುದಕ್ಕೆ ಹಿಡಿಯುವ ಸಮಯ ಎಂದೂ ವ್ಯರ್ಥವಲ್ಲ.

ಕಾದಿಟ್ಟ ಪರ್ಯಾಯ ಸರ್ವರಿನ ವಿಷಯ ಇನ್ನೂ ಗಂಭೀರ. ಮುಖ್ಯ ಸರ್ವರಿನ ಪ್ರತಿಯನ್ನು ಬೇರೆ ಊರಿನಲ್ಲಿ ಸದಾ ಸಿದ್ಧವಾಗಿಟ್ಟಿರುವ ಸಂಸ್ಥೆಗಳಲ್ಲಿ ದಾಖಲೆಗಳು ತಾವಾಗಿ ಅಲ್ಲಿಗೆ ಹರಿದುಹೋಗುತ್ತವೆ, ಸಂರಚನೆಯ ಬದಲಾವಣೆಗಳು ಹಾಗೆ ಹೋಗುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಮುಖ್ಯ ಸರ್ವರಿನ ಸಂಪರ್ಕಗಳ ಮಿತಿಯನ್ನು 100ರಿಂದ 300ಕ್ಕೆ ಏರಿಸಿ ಪರ್ಯಾಯದಲ್ಲಿ ಏರಿಸದಿದ್ದರೆ, 14ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಪರ್ಯಾಯ ಸರ್ವರ್ ನಿಂತೇಹೋಗುತ್ತದೆ, ನಂತರದವುಗಳಲ್ಲಿ ನಕಲಿನ ಕೆಲಸವನ್ನು ತಡೆಹಿಡಿಯುತ್ತದೆ. ಅದರ ಲಾಗ್ ಅನ್ನು ಯಾರೂ ನೋಡುತ್ತಿಲ್ಲವಾದರೆ, ಅಗತ್ಯ ಬಿದ್ದ ದಿನ ಏಳಬೇಕಾದ ಸರ್ವರ್ ವಾರಗಳ ಹಿಂದೆಯೇ ನಿಂತಿದೆಯೆಂದು ಆಗ ತಿಳಿಯುತ್ತದೆ.

2021ರ ಫೆಬ್ರವರಿ 24ರಂದು ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿರುವ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜಿನಲ್ಲಿ ನಡೆದದ್ದು ಡೇಟಾಬೇಸ್ ಆರಂಭದ ವೈಫಲ್ಯವಲ್ಲದಿದ್ದರೂ ಇದರ ಹತ್ತಿರದ ಸಂಬಂಧಿ. ಅಂದು ಬೆಳಗ್ಗೆ 11.40ಕ್ಕೆ ವಹಿವಾಟು ನಿಂತು, ಮಧ್ಯಾಹ್ನ 3.45ಕ್ಕೆ ಮತ್ತೆ ಆರಂಭವಾಗಿ ಸಂಜೆ 5ರವರೆಗೆ ನಡೆಯಿತು. ಸಂಸ್ಥೆ ಆನಂತರ ಕೊಟ್ಟ ವಿವರಣೆಯ ಪ್ರಕಾರ, ಎರಡು ತಾಣಗಳ ನಡುವಿನ ದೂರಸಂಪರ್ಕದ ಕೊಂಡಿಗಳು ಅಸ್ಥಿರವಾದಾಗ, ಆ ತಾಣಗಳ ಡೇಟಾವನ್ನು ಹಿಡಿದಿದ್ದ ಸಂಗ್ರಹ ವ್ಯವಸ್ಥೆ ತಾನಾಗಿ ನಿಭಾಯಿಸಿಕೊಳ್ಳಬೇಕಿತ್ತು. ಪೂರೈಕೆದಾರರು ಅದರಲ್ಲಿ ಅಳವಡಿಸಿದ್ದ ಕ್ರಮ ಮೂಲ ವಿನ್ಯಾಸದಂತೆ ಇರಲಿಲ್ಲ. ಹೀಗಾಗಿ ಸಂಗ್ರಹವೇ ಕೈಗೆ ಸಿಗದೆ, ಅಪಾಯವನ್ನು ಅಳೆಯುವ ವ್ಯವಸ್ಥೆ ನಿಂತುಹೋಯಿತು. ಕೊಂಡಿಗಳು ಸರಿಯಿದ್ದಷ್ಟು ದಿನ ಆ ಅಳವಡಿಕೆ ತಪ್ಪೆಂದು ತಿಳಿಯುವ ಸಂದರ್ಭವೇ ಬಂದಿರಲಿಲ್ಲ.

ಮುಂದಿನ ತಿಂಗಳೇ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಷೇರುಪೇಟೆಗಳಿಗೂ ಡಿಪಾಸಿಟರಿಗಳಿಗೂ ಹೊಸ ನಿಯಮಗಳನ್ನು ವಿಧಿಸಿ, ಮುಖ್ಯ ವ್ಯವಸ್ಥೆಯೊಂದು ನಿಂತರೆ 30 ನಿಮಿಷಗಳೊಳಗೆ ಅದನ್ನು ವಿಪತ್ತೆಂದು ಘೋಷಿಸಬೇಕು, ಘೋಷಿಸಿದ 45 ನಿಮಿಷಗಳೊಳಗೆ ಪರ್ಯಾಯ ತಾಣದಿಂದ ಕೆಲಸ ಆರಂಭವಾಗಬೇಕು ಎಂದು ಗೊತ್ತುಮಾಡಿತು. ಅಷ್ಟು ಹೊತ್ತಿನಲ್ಲಿ ಸಂರಚನಾ ಕಡತದ ತಪ್ಪನ್ನು ಹುಡುಕುತ್ತ ಕೂರಲು ಸಾಧ್ಯವಿಲ್ಲವಾದ್ದರಿಂದ, ಪರ್ಯಾಯ ತಾಣದಿಂದ ನಿಜವಾದ ವಹಿವಾಟನ್ನೇ ಆಗಾಗ ನಡೆಸಿ ನೋಡುವುದು ಈಗ ರೂಢಿಗೆ ಬಂದಿದೆ. 2024ರ ಮಾರ್ಚ್ 2 ಮತ್ತು ಮೇ 18ರ ಶನಿವಾರಗಳಂದು ಎರಡೂ ಷೇರುಪೇಟೆಗಳು ಇದಕ್ಕಾಗಿಯೇ ವಿಶೇಷ ಅಧಿವೇಶನಗಳನ್ನು ನಡೆಸಿದವು.

ಪತ್ತಿನ ಸಹಕಾರಿ ಸಂಘಕ್ಕೋ ನರ್ಸಿಂಗ್ ಹೋಮಿಗೋ ಪರ್ಯಾಯ ತಾಣದ ವೆಚ್ಚ ಭರಿಸಲಾಗದು, ಆದರೆ ಈ ಅಭ್ಯಾಸದ ಸಾರವನ್ನು ಪಡೆಯಲು ಹಣ ಬೇಕಾಗಿಲ್ಲ. ಸಂರಚನಾ ಕಡತವನ್ನು ಬದಲಿಸಿದವರು ಹಳೆಯ ಪ್ರತಿಯನ್ನು ದಿನಾಂಕ ಹಾಕಿ ಪಕ್ಕದಲ್ಲಿರಿಸಿ, ಬದಲಾವಣೆಯ ಕಾರಣವನ್ನೂ ತಮ್ಮ ಹೆಸರನ್ನೂ ಅದೇ ಸಾಲಿನ ಮೇಲೆ ಟಿಪ್ಪಣಿಯಾಗಿ ಬರೆದಿಡಬಹುದು. ಅದೇ ವಾರದ ಭಾನುವಾರ, ಕಚೇರಿ ಮುಚ್ಚಿರುವಾಗ, ಬ್ಯಾಕಪ್ ತೆಗೆದುಕೊಂಡು ಸರ್ವರನ್ನು ಒಮ್ಮೆ ನಿಲ್ಲಿಸಿ ಆರಂಭಿಸಬಹುದು. ಆರಂಭವಾಗದಿದ್ದರೆ, ಬದಲಿಸಿದ ವ್ಯಕ್ತಿ ಎದುರಿಗೇ ಇರುತ್ತಾರೆ, ಬದಲಿಸಿದ ಸಾಲು ಯಾವುದೆಂದು ಅವರಿಗೆ ನೆನಪಿರುತ್ತದೆ, ಮತ್ತು ಸೋಮವಾರ ಬೆಳಗ್ಗೆ ಪಾಸ್‌ಬುಕ್ ಹಿಡಿದು ಸದಸ್ಯರು ಬರಲು ಇನ್ನೂ ಒಂದು ದಿನವಿರುತ್ತದೆ.